ಬಟ್ಟೆಯಲ್ಲಿ ಹೊಲಿದ ಗರ್ಭಚೀಲ

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಜುಲೈ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ದೊಡ್ಡ ಮಕ್ಕಳಿಬ್ಬರೂ ಪಾಪುವಿನ ಮೇಲೆ ಬೀಳದೆ ಆಡಿಕೊಂಡಿದ್ದಾರಾ? ಅಮ್ಮನಿಗೆ ನಿದ್ದೆಯಾಗುತ್ತಿದೆಯೋ, ಮೊಮ್ಮಗಳನ್ನು ಎತ್ತಿಕೊಂಡೇ ಬೆಳಗು ಮಾಡುತ್ತಿದ್ದಾಳೋ? ಭಾವನ ಕೆಮ್ಮು ಹೋಯಿತೇ? ಇಷ್ಟನ್ನೂ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಫೋನು ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀಯ. ನಾನು ಒಂದು ಮಾತಾಡಿದರೆ ನಿಮ್ಮ ಮನೆಯ ಬೆಕ್ಕೂ ಉತ್ತರ ಕೊಡುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಬ್ಬಳೇ ಓದು, ಅಮ್ಮನಿಗೆ ಓದಿ ಹೇಳಬೇಡ.

ನಾವು ಚೆನ್ನಾಗಿದ್ದೇವೆ. ನನಗೀಗ ಆರನೇ ತಿಂಗಳು. ಹಿಂದಿನ ಎರಡೂ ಬಸಿರು ನಾಲ್ಕು ದಾಟಿ ಐದಕ್ಕೆ ಕಾಲಿಡುವಾಗ ಹೋದವು, ಇದು ಅಲ್ಲಿಂದ ಮುಂದೆ ಬಂದಿದೆ. ನಿಂತು ಬಟ್ಟೆ ಕತ್ತರಿಸುವುದನ್ನು ಬಿಟ್ಟು ಕೂತು ಗುಂಡಿ ಹಚ್ಚುತ್ತಿದ್ದೇನೆ. ಇವರು ಗ್ಯಾರೇಜಿನಿಂದ ಮಧ್ಯಾಹ್ನ ಬಂದು ನನ್ನ ಮುಖ ನೋಡಿಕೊಂಡು ಹೋಗುತ್ತಾರೆ. ಇನ್ನು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲು ಕೈ ಓಡುವುದಿಲ್ಲ. ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಚೆನ್ನಾಗಿ ಉರಿಯುವಂಥದ್ದು. ಎಂಟು ತಿಂಗಳ ಹೊಟ್ಟೆ ಹೊತ್ತು ಈಜುಕೊಳದಲ್ಲಿ ಊರ ಮಕ್ಕಳಿಗೆ ಕೈಕಾಲು ಬಡಿಯಲು ಕಲಿಸಿದವಳು ನೀನು. ಒದ್ದೆ ನೆಲದಲ್ಲಿ ಜಾರಿ ಬಿದ್ದು, ನಗುತ್ತಾ ಎದ್ದು, ಸಂಜೆ ಫೋನು ಮಾಡಿ ಅದನ್ನೇ ತಮಾಷೆಯಾಗಿ ಹೇಳಿದೆ. ನಾನು ಜೋರಾಗಿ ಸೀನಲೂ ಹೆದರಿಕೊಂಡು ಬದುಕಿದವಳು, ನನ್ನ ಕೈಯಲ್ಲಿ ಒಂದೂ ಉಳಿಯಲಿಲ್ಲ. ನಿನ್ನ ಹೆರಿಗೆಗೆ ಹೊರಟ ಅಮ್ಮ ಬಾಗಿಲಲ್ಲಿ ನಿಂತು, “ನಿನ್ನನ್ನ ಬಿಟ್ಟು ಹೋಗಲೇನೇ?” ಎಂದು ಕೇಳಿದಳು. “ಹೋಗಮ್ಮಾ, ನನಗೇನಾಗಿದೆ” ಎಂದೆ. ಬಸ್ಸು ತಿರುವು ದಾಟುವವರೆಗೆ ನಗುತ್ತಾ ಕೈ ಬೀಸಿದೆ. ಒಳಗೆ ಬಂದು ಅವಳು ಮಡಚಿಟ್ಟ ಹೊದಿಕೆಯನ್ನು ನೆಲಕ್ಕೆ ಎಸೆದೆ.

ಡಾಕ್ಟರಮ್ಮ ಹೇಳಿದ್ದನ್ನು ನೀನು ಎಷ್ಟು ಸಲ ಕೇಳಿದರೂ ನಾನು ಹಾರಿಸಿಬಿಡುತ್ತಿದ್ದೆ. ಈಗ ಬರೆಯುತ್ತೇನೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಗರ್ಭಕೋಶ ಎರಡು ಕೊಳವೆಗಳಾಗಿ ಶುರುವಾಗುತ್ತದಂತೆ. ಅವೆರಡೂ ಕೂಡಿಕೊಂಡು, ನಡುವಿನ ಗೋಡೆ ಕರಗಿ, ಒಂದೇ ಚೀಲವಾಗಬೇಕು. ನನ್ನದು ಕೆಳಗೆ ಕೂಡಿದೆ, ಮೇಲೆ ಕೂಡಿಲ್ಲ. ಎರಡು ಕೊಂಬಿನ ಹಾಗೆ ಕವಲಾಗಿ ನಿಂತಿದೆ. ನಾನು ಹೊರೆ ಹೊತ್ತದ್ದರಿಂದಲ್ಲ, ಮೆಟ್ಟಿಲು ಹತ್ತಿದ್ದರಿಂದಲ್ಲ, ಹುಟ್ಟುವ ಮೊದಲೇ ಆಗಿಹೋದದ್ದು. ಅಮ್ಮನ ತಪ್ಪೂ ಅಲ್ಲವೆಂದು ಡಾಕ್ಟರಮ್ಮ ಒತ್ತಿ ಹೇಳಿದರು. ನನಗೆ ಮಾತ್ರ, ನಿನ್ನನ್ನು ಅಚ್ಚುಕಟ್ಟಾಗಿ ಮುಗಿಸಿ ದಣಿದ ಅಮ್ಮ ನನ್ನನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು ಅನ್ನಿಸಿತು. ಇದನ್ನು ಅವಳಿಗೆ ಹೇಳಿದರೆ ನಿನ್ನ ಜೊತೆ ಮಾತು ಬಿಡುತ್ತೇನೆ.

ಇನ್ನೊಂದು ಕೇಳಿದರೆ ನಗುತ್ತೀಯ. ಆಸ್ಪತ್ರೆಯಲ್ಲಿ ನನ್ನ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದ ಒಬ್ಬ ಅಂಚೆಯಾಕೆ ಇದ್ದಾಳೆ. ಅವಳದೂ ಹುಟ್ಟಿನಿಂದ ಬಂದ ದೋಷವೇ, ಆದರೆ ಬೇರೆ ಬಗೆ: ಹೊರಗಿನಿಂದ ಚೀಲ ಒಂದೇ, ಒಳಗೆ ಮಾತ್ರ ನಡುವೆ ಗೋಡೆ. ಆ ಗೋಡೆಯನ್ನು ಹೊಟ್ಟೆ ಕೊಯ್ಯದೆ, ಕೆಳಗಿನಿಂದಲೇ ಸಣ್ಣ ಉಪಕರಣ ತೂರಿಸಿ ತೆಗೆಯುತ್ತಾರೆ. ನನಗೂ ಮೊದಲ ಸ್ಕ್ಯಾನಿಂಗ್‌ನಲ್ಲಿ ಗೋಡೆಯೇ ಇರಬಹುದು ಅಂದಿದ್ದರು. ನಾವಿಬ್ಬರೂ ಗೋಡೆಯವರು ಎಂದು ಗೆಳತಿಯರಾದೆವು. ಆಮೇಲೆ ಎಂಆರ್‌ಐ ಮಾಡಿ, ನನ್ನದು ಹೊರಗಿನಿಂದಲೇ ಕವಲು, ಒಳಗೆ ಕತ್ತರಿ ಆಡಿಸಬಾರದು ಎಂದರು. ಅವಳ ಗೋಡೆ ಹೋಯಿತು. ಈಗ ಏಳು ತಿಂಗಳ ಹೊಟ್ಟೆ ಮುಂದಿಟ್ಟುಕೊಂಡು ಬಂದು, “ನಿಮಗೂ ಒಳ್ಳೇದಾಗುತ್ತೆ ಕಣ್ರೀ” ಅನ್ನುತ್ತಾಳೆ. ಲೋಕದಲ್ಲಿ ಜನ ಸೀರೆ ಕಂಡು ಉರಿಯುತ್ತಾರೆ, ಮನೆ ಕಂಡು ಉರಿಯುತ್ತಾರೆ. ನಿನ್ನ ತಂಗಿ ಇನ್ನೊಬ್ಬಳ ಕಾಯಿಲೆ ಕಂಡು ಉರಿದಳು. ಈಚೆಗೆ ಅವಳು ಬರುವ ದಿನ ತಪ್ಪಿಸಿ ಹೋಗುತ್ತಿದ್ದೇನೆ.

ಈಗ ನಾನು ಮಾಡಿದ ಪೆದ್ದುಕೆಲಸ. ಡಾಕ್ಟರಮ್ಮ ಚೀಟಿಯ ಮೇಲೆ ಬರೆದುಕೊಟ್ಟ ಚಿತ್ರವನ್ನು ಅಂಗಡಿಗೆ ತಂದು, ಅದರ ಅಳತೆ ಹಿಡಿದು, ಅಸ್ತರಿನ ಬಟ್ಟೆಯಲ್ಲಿ ಎರಡು ಕೊಂಬಿನ ಚೀಲ ಹೊಲಿದೆ. ನನ್ನ ಪಾಪು ಎಡಗೊಂಬಿನಲ್ಲಿದೆ. ಆ ಕೊಂಬಿಗೆ ಹತ್ತಿ ತುಂಬುತ್ತಾ ಹೋದೆ. ನನ್ನ ಮುಷ್ಟಿಯಷ್ಟು ಹತ್ತಿಗೇ ಹೊಲಿಗೆ ಬಿರಿಯಲು ಶುರುವಾಯಿತು. ಇಷ್ಟು ವರ್ಷ ಬೇರೆಯವರ ಮೈಗೆ ಬಟ್ಟೆ ಹೊಂದಿಸಿದವಳಿಗೆ ಇನ್ನೇನು ಹೊಳೆಯಬೇಕು ಹೇಳು. ಹೊಲಿಗೆ ಬಿಚ್ಚಿ ಬಟ್ಟೆ ಅಗಲ ಮಾಡುವ ಹಾಗಿಲ್ಲದಿದ್ದರೆ ಮೈಯೇ ಸಣ್ಣದಾಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ತಾನೇ, ಮಗುವೂ ಅಷ್ಟೇ ಚಾಚಲಿ ಎಂದುಕೊಂಡು ಊಟ ಕಡಿಮೆ ಮಾಡಿದೆ. ಬೆಳಿಗ್ಗೆ ಅರ್ಧ ಲೋಟ ಹಾಲು, ರಾತ್ರಿ ಎರಡು ತುತ್ತು. ಇವರು ಕೇಳಿದರೆ ಎದೆಯುರಿ ಎಂದೆ. ಒಳಗಿದ್ದದ್ದು ಸಣ್ಣಗೆ, ಸದ್ದಿಲ್ಲದೆ, ಜಾಗ ಕೇಳದೆ ಇದ್ದುಬಿಟ್ಟರೆ ಒಂಬತ್ತು ತಿಂಗಳು ಉಳಿದೀತು ಎಂದು ನನ್ನ ಲೆಕ್ಕ.

ಹೋದ ವಾರ ಸ್ಕ್ಯಾನಿಂಗ್‌ನಲ್ಲಿ ಮಗು ತಿಂಗಳಿಗೆ ತಕ್ಕ ತೂಕ ಇಲ್ಲವೆಂದಾಗ ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಹೇಳಿದೆ, ಚೀಲವನ್ನೂ ತೆಗೆದು ತೋರಿಸಿದೆ. ಅವರು ಅದನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. “ಹೊಲಿಗೆ ಚೆನ್ನಾಗಿದೆ. ಆದರೆ ಗರ್ಭಕೋಶ ಬಟ್ಟೆ ಅಲ್ಲಮ್ಮಾ, ಮಾಂಸ. ಮಗು ಬೆಳೆದ ಹಾಗೆ ಅದೂ ಬೆಳೆಯುತ್ತೆ. ನಿಮ್ಮದರಲ್ಲಿ ಜಾಗ ಸ್ವಲ್ಪ ಕಮ್ಮಿ, ನೋವು ಬೇಗ ಬರಬಹುದು. ಬೇಗ ಬರೋ ಮಗು ಸಣಕಲಾಗಿದ್ದರೆ ಒಳ್ಳೇದಾ, ಮೈ ತುಂಬಿಕೊಂಡಿದ್ದರೆ ಒಳ್ಳೇದಾ? ನೀವೇ ಹೇಳಿ” ಎಂದರು. ನಾನು ಉಪವಾಸ ಕೆಡವಿದ್ದು ನನ್ನನ್ನಲ್ಲ, ಅದನ್ನು. ಈಗ ಹೊತ್ತುಹೊತ್ತಿಗೆ ತಿನ್ನುತ್ತಿದ್ದೇನೆ, ಹಸಿವಿಲ್ಲದಿದ್ದರೂ ತಿನ್ನುತ್ತೇನೆ. ಎರಡು ವಾರಕ್ಕೊಮ್ಮೆ ಹೋಗಿ ಗರ್ಭಕೋಶದ ಬಾಯಿ ಬಿಗಿಯಾಗಿದೆಯೇ ಎಂದು ತೋರಿಸಬೇಕು. ಪಾಪು ತಲೆ ಮೇಲೆ ಮಾಡಿ ಕೂತಿದೆ, ತಿರುಗಲು ಎಡೆ ಸಾಲದಿದ್ದರೆ ಹಾಗೇ ಉಳಿಯಬಹುದು, ಆಗ ಆಪರೇಷನ್. ಇಂಥ ಗರ್ಭಕೋಶದವರು ಎಷ್ಟೋ ಜನ ಹೆತ್ತಿದ್ದಾರೆ, ಎಂಟು ತಿಂಗಳು ತುಂಬಿಸಿದರೆ ಧೈರ್ಯವಾಗಿರಬಹುದು ಎಂದರು. ನಿನ್ನೆಯಿಂದ ಒದೆಯುವುದು ಜಾಸ್ತಿಯಾಗಿದೆ.

ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ಭಾವನಿಗೆ ನಮಸ್ಕಾರ ತಿಳಿಸು. ಅಮ್ಮನಿಗೆ ನಾನು ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ ಎಂದಷ್ಟೇ ಹೇಳು, ಅದು ಈಗ ನಿಜ. ನಿನ್ನ ಮೈ ಕಡೆ ನೋಡಿಕೋ, ಇಷ್ಟು ಬೇಗ ಕೊಳಕ್ಕೆ ಇಳಿಯಬೇಡ.

ಇಂತಿ ನಿನ್ನ ಪ್ರೀತಿಯ,
ಉರಿಮೂತಿ ತಂಗಿ

ಮರೆತಿದ್ದೆ: ಮಗು ಬೇಗ ಹುಟ್ಟಿದರೆ ನನಗೆ ಹಾಲು ಬರುವುದು ತಡವಾಗಬಹುದಂತೆ. ಅಂಥ ಮಗುವಿಗೆ ತಾಯಿಹಾಲು ಔಷಧಿ ಇದ್ದ ಹಾಗೆ, ಮನೆಯಲ್ಲಿ ಹಾಲುಣಿಸುವವರು ಯಾರಾದರೂ ಇದ್ದರೆ ರಕ್ತ ಪರೀಕ್ಷೆ ಮಾಡಿ ಅವರ ಹಾಲು ಕೊಡಬಹುದು, ಯಾರಾದರೂ ಇದ್ದಾರಾ ಎಂದು ಡಾಕ್ಟರಮ್ಮ ಕೇಳಿದರು. ಯಾರೂ ಇಲ್ಲ ಎಂದುಬಿಟ್ಟೆ. ಅದು ಸುಳ್ಳು, ನೀನಿದ್ದೀಯ. ಅಕ್ಕಾ, ಮುಂದಿನ ತಿಂಗಳು ನಿನ್ನ ಪಾಪುವನ್ನು ಎತ್ತಿಕೊಂಡು ಬಂದು ನನ್ನ ಜೊತೆ ಇರು. ನನ್ನ ಮಗು ಮೊದಲು ನಿನ್ನ ಹಾಲು ಕುಡಿಯುವುದನ್ನು ನಾನು ನಗುತ್ತಾ ನೋಡಲಾರೆ, ಗೋಡೆಯ ಕಡೆ ತಿರುಗಿ ಮಲಗುತ್ತೇನೆ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಿಲ್ಲಿಸಲೂ ಬೇಡ. ನನ್ನ ಹೊಟ್ಟೆ ಉರಿದರೆ ಉರಿಯಲಿ, ಅದರ ಹೊಟ್ಟೆ ತುಂಬಲಿ.