ನನ್ನ ಗಂಡನ ಪಕ್ಕದ ಜಾಗ ಖಾಲಿಯಿಲ್ಲ

ದಾಖಲೆ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ, ನನ್ನ ಗಂಡ ತೀರಿಕೊಂಡು ಐದು ತಿಂಗಳಾಯಿತು. ಅವರ ಸಮಾಧಿಯ ಪಕ್ಕದ ಜಾಗ ಹೆಂಡತಿಯಾದ ನನ್ನದು. ಅದು ಖಾಲಿ ಇದೆ, ಬೇಕಾದವರು ಅರ್ಜಿ ಹಾಕಬಹುದು ಎಂದು ನಿಮ್ಮ ಕಚೇರಿಯವರು ಕಳೆದ ವಾರ ಸ್ಮಶಾನದ ಗೇಟಿಗೆ ಚೀಟಿ ಅಂಟಿಸಿದ್ದಾರೆ. ಕಾರಣ, ಒಂದು ಅಕ್ಷರ.

ನಮ್ಮ ಮನೆತನದ ಹೆಸರಿನ ಮೊದಲ ಅಕ್ಷರ ರಷ್ಯನ್ನರೂ ನಾವೂ ಬರೆಯುವ ಸಿರಿಲಿಕ್ ಲಿಪಿಯಲ್ಲೇ ಅಪರೂಪದ್ದು. ಕಾಲಿಗೆ ಪುಟ್ಟ ಕೊಕ್ಕೆಯಿರುವಂಥದ್ದು. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಂತೆ. ನಮ್ಮ ಮದುವೆ ದಾಖಲಾದ ಹಳೆಯ ಪುಸ್ತಕವನ್ನು ಹೊಸ ಯಂತ್ರಕ್ಕೆ ಇಳಿಸಿದ ಹೊರಗಿನ ಗುತ್ತಿಗೆಯವರು ಈ ಅಕ್ಷರವನ್ನು ಇಡಿಯಾಗಿ, ಒಂದೇ ಸಂಖ್ಯೆಯಲ್ಲಿ ಬರೆದಿದ್ದಾರೆ. ಸಾವಿನ ದಾಖಲೆಯಲ್ಲಿ ಬೋಳು ಅಕ್ಷರಕ್ಕೊಂದು ಸಂಖ್ಯೆ, ಕೊಕ್ಕೆಗೊಂದು ಸಂಖ್ಯೆ. ಕಾಗದದ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಇವರು ಇಬ್ಬರು ಗಂಡಸರು. ಹಾಗಾಗಿ ನಾನು ಮದುವೆಯಾದವರು ಸತ್ತಿಲ್ಲ; ಸತ್ತವರಿಗೆ ಮದುವೆಯೇ ಆಗಿಲ್ಲ. ಹಾಗಾದರೆ ನಲವತ್ತಾರು ವರ್ಷ ನಾನು ಯಾರ ಅಂಗಿಗೆ ಗುಂಡಿ ಹೊಲಿದೆ?

ಮೂರನೇ ಕೌಂಟರಿನ ಹುಡುಗಿ ಕೆಟ್ಟವಳಲ್ಲ. ಎರಡೂ ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು.

"ನನ್ನ ಕಣ್ಣಿಗೂ ಒಂದೇ ಕಾಣುತ್ತೆ ಅಜ್ಜಿ. ಏನ್ ಮಾಡ್ಲಿ, ಸಿಸ್ಟಮ್ ಒಪ್ಪಲ್ಲ."

"ಹಾಗಾದ್ರೆ ಅದಕ್ಕೊಂದು ಕನ್ನಡಕ ಮಾಡಿಸಿ," ಎಂದಳು ಜೊತೆಗಿದ್ದ ನನ್ನ ಸೊಸೆ.

"ಒಂದು ದಾರಿ ಇದೆ. ಎರಡರಲ್ಲೂ ಕೊಕ್ಕೆ ತೆಗೆದು ಬೋಳು ಅಕ್ಷರ ಹಾಕಿಬಿಡ್ತೀವಿ. ನೀವಿಲ್ಲಿ ಸೈನ್ ಮಾಡಿದ್ರೆ ಸಾಕು."

"ಅದು ಬೇರೆ ಮನೆಯವರ ಹೆಸರಮ್ಮಾ," ಎಂದೆ.

"ಅತ್ತೆ, ಮಾವನ ಪಕ್ಕ ಮಲಗೋದು ಮುಖ್ಯಾನಾ, ಕೊಕ್ಕೆ ಮುಖ್ಯಾನಾ?"

"ಎರಡೂ."

ಸೈನ್ ಮಾಡಲಿಲ್ಲ.

ಇನ್ನು ಮುಂದಿನದು ಹೇಳಲು ನನಗೆ ಇಷ್ಟವಿಲ್ಲದ ಸಂಗತಿ. ತಪ್ಪು ಆ ಹುಡುಗಿಯದಲ್ಲ. ನನ್ನ ಗಂಡ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಮೊಳೆಗಳ ಪೆಟ್ಟಿಗೆಯಲ್ಲಿ ನಮ್ಮ ಅಕ್ಷರ ಎಂದೂ ಸಾಲುತ್ತಿರಲಿಲ್ಲ. ಅವರು ಸೀಸದ ಚೂರೊಂದನ್ನು ಅರದಿಂದ ಉಜ್ಜಿ, ಕೊಕ್ಕೆ ಮಾಡಿ, ಬೋಳು ಅಕ್ಷರದ ಕೆಳಗೆ ಕೂರಿಸುತ್ತಿದ್ದರು. ನಿವೃತ್ತರಾದ ಮೇಲೆ ಹೆಸರುಗಳನ್ನು ತಿದ್ದಿಕೊಡಲು ನೀವೇ ಅವರನ್ನು ಕರೆಸಿಕೊಂಡಿರಿ. ಕಚೇರಿಯ ಕೀಲಿಮಣೆಯಲ್ಲಿ ಆ ಅಕ್ಷರವಿಲ್ಲ ಎಂದು ನಿಮ್ಮವರು ಕೈಚೆಲ್ಲಿದಾಗ, "ಇಲ್ಲದಿದ್ರೆ ಏನಂತೆ, ಕೊಕ್ಕೆ ಅಂಟಿಸಿ" ಎಂದು ಹೇಳಿಕೊಟ್ಟವರು ಅವರೇ. ಮನೆಗೆ ಬಂದು ಹೇಳಿದಾಗ ನಾನೂ ಭಲೇ ಎಂದಿದ್ದೆ. ಅವರ ಸಾವನ್ನು ಬರೆಯುವಾಗ ಹುಡುಗಿ ಅವರು ಕಲಿಸಿದ ಹಾಗೆಯೇ ಬರೆದಳು.

ಇದು ಗೊತ್ತಾದ ದಿನ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮನೆಗೆ ಹೋಗಿ ಒಣಗಿದ ಬಟ್ಟೆ ಮಡಚಿದೆ.

ನಾನು ಓದಿದ್ದು ಹೈಸ್ಕೂಲು ಮಾತ್ರ. ಆದರೂ ಕೇಳುತ್ತೇನೆ: ಎರಡೂ ಒಂದೇ ಎಂದು ಯಂತ್ರಕ್ಕೆ ಹೇಳಿಕೊಡುವುದು ಒಂದು ಮಧ್ಯಾಹ್ನದ ಕೆಲಸ ಎಂದು ನಿಮ್ಮ ಕಂಪ್ಯೂಟರ್ ರಿಪೇರಿಯವನೇ ಹೇಳಿದನಲ್ಲ, ಆ ಮಧ್ಯಾಹ್ನ ಯಾವಾಗ ಬರುತ್ತದೆ? ನೀವು ಸಹಿ ಹಾಕಿದ ಮೇಲೆಯೇ? ಹಾಗಾದರೆ ಹಾಕಿ. ಗೇಟಿನ ಚೀಟಿಯನ್ನು ಇವತ್ತೇ ಕೀಳಿಸಿ.

ಅದೂ ಆಗದಿದ್ದರೆ ಇಷ್ಟಾದರೂ ಮಾಡಿ. ನನ್ನ ಸರದಿ ಬಂದಾಗ ನನ್ನ ಹೆಸರಿನ ಆ ಅಕ್ಷರವನ್ನೂ ಅವರು ಕಲಿಸಿದಂತೆ ಎರಡು ಚೂರುಗಳಲ್ಲೇ ಬರೆಯಿರಿ. ಆಗಲಾದರೂ ನಿಮ್ಮ ಯಂತ್ರಕ್ಕೆ ನಾವು ಒಂದೇ ಮನೆಯವರಾಗಿ ಕಾಣುತ್ತೇವೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇನ್ನೂ ವಿಧವೆಯಾಗದವಳು