ಹೊಳೆಬದಿಯ ಅಲಸಂಡೆ

“ಬೀಜವೇ ಹಾಳು” ಎನ್ನಲು ನಿಮಗೆ ನಾಚಿಕೆ ಆಗಲಿಲ್ಲವಾ? ಮೊಳಕೆ ಬಂದ ಅಲಸಂಡೆ ಸುರುಟಿ ಸತ್ತದ್ದು, ಹುಲ್ಲು ಸಾಯಲೆಂದು ನೀವು ಮಣ್ಣಿಗೆ ಹೊಡೆದ ಮದ್ದಿನಿಂದ. ಹೋದ ವರ್ಷ ಮೇಲಿನ ಗದ್ದೆಯ ಅಂಟುಮಣ್ಣಿನಲ್ಲಿ ಗಿಡ ತಡೆದುಕೊಂಡಿತೆಂದು, ಮದ್ದು ಹಿಡಿದಿಡದ ಹೊಳೆಬದಿಯ ಮರಳಿಗೂ ಅಷ್ಟೇ ಹೊಡೆಯುವುದಾ? ಬೇಡ ಅಂದರೆ, “ನಿಂಗೆಂತ ಗೊತ್ತುಂಟು ಮಾರಾಯ್ತಿ?” ಅಂದಿರಿ.

ಗಂಜಿ ಒಲೆಯ ಮೇಲುಂಟು. ದನಕ್ಕೆ ಆ ಹೊಳೆಬದಿಯ ಹುಲ್ಲು ಹಾಕಬೇಡಿ.

ಅತ್ತೆ ಸಾಯುವವರೆಗೆ ಬೈಹುಲ್ಲು ಸುತ್ತಿ ಮುಡಿ ಕಟ್ಟಿ ಉಳಿಸಿದ ಬಿತ್ತಿನ ಬೀಜ ಅದು. ಒಂದು ಹಿಡಿಯೂ ತೆಗೆದಿಡದೆ ಎಲ್ಲ ಬಿತ್ತಿದಿರಿ. ನಿಮ್ಮ ಅಮ್ಮನದ್ದು ಅಂತಲೂ ಅನಿಸಲಿಲ್ಲ.

ಮರ್ಕಂಜದ ನನ್ನ ಅಕ್ಕನಿಗೆ ಅತ್ತೆ ಹಿಂದೆ ಅದರಲ್ಲಿ ಸ್ವಲ್ಪ ಕೊಟ್ಟಿದ್ದರು. ಅವಳಲ್ಲಿ ಇನ್ನೂ ಇದ್ದರೆ ಅಲ್ಲೇ ಬಿತ್ತುತ್ತೇನೆ. ಇಲ್ಲದಿದ್ದರೂ ಅಲ್ಲೇ ಇರುತ್ತೇನೆ. ಕರೆಯಲು ಬರಬೇಡಿ.

ವಾರಿಜ