ನೂರಕ್ಕೇ ನಿಲ್ಲುವ ಮಳೆ

ಮಾನ್ಯ ಮಳೆ ಮಾಪನ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ನಕ್ಷೆಯಲ್ಲಿ ನಮ್ಮ ಕೆಳಕೇರಿ ಇನ್ನು ಮುಂದೆ ಎಂದೂ ಕೆಂಪಾಗುವುದಿಲ್ಲ. ಆಕಾಶವೇ ಕಳಚಿ ಬಿದ್ದರೂ ಆಗಲು ಸಾಧ್ಯವಿಲ್ಲ. ಇದನ್ನು ನಿಮ್ಮ ಕಚೇರಿಗೆ ನಾಲ್ಕು ಸಲ ಬರೆದೆ, ಎರಡು ಸಲ ಬಂದು ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯನ್ನು ಸರ್ಕಾರಿ ಕಚೇರಿಯೊಂದರ ಬಗ್ಗೆ ಬಳಸುವುದು ಸಭ್ಯತೆಯಲ್ಲ, ಆದ್ದರಿಂದ ಬಳಸುವುದಿಲ್ಲ. ಊರಿನವರೆಲ್ಲ ಓದಲಿ ಎಂದು ಐದನೆಯ ಸಲ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ದರ್ಜಿ. ಬಟ್ಟೆ ಹೊಲಿಯುವವನಿಗೆ ಮಳೆಯ ಉಸಾಬರಿ ಏಕೆ ಎಂದು ನಿಮ್ಮ ಗುಮಾಸ್ತರು ಕೇಳಿದ್ದರು. ನನ್ನ ಅಂಗಡಿ ಮಹಡಿಯ ಮೇಲಿದೆ. ಕೆಳಗಿನ ಎರಡು ಕೋಣೆಗಳಲ್ಲಿ ನನ್ನ ತಂಗಿ ಶಿಶುವಿಹಾರ ನಡೆಸುತ್ತಾಳೆ. ಹದಿನೆಂಟು ಮಕ್ಕಳು, ಎಲ್ಲವೂ ನಾಲ್ಕು ವರ್ಷದೊಳಗಿನವು. ಅವುಗಳ ಅಪ್ಪ ಅಮ್ಮ ಇಬ್ಬರೂ ಗುಡ್ಡದಾಚೆಯ ಕಾರ್ಖಾನೆಯಲ್ಲಿ ದುಡಿಯುವವರು. ಮೇಲುಕೇರಿಯ ಪಂಪ್‌ಹೌಸ್ ಅಂಗಳದಲ್ಲಿ ನಿಮ್ಮ ಮಳೆಮಾಪಕವಿದೆ. ದಿನವೂ ಬೆಳಿಗ್ಗೆ ಎಂಟೂವರೆಗೆ ಅಲ್ಲಿನ ಅಳತೆ ನಿಮ್ಮ ನಕ್ಷೆಗೆ ಏರುತ್ತದೆ. ನೂರು ಮಿಲಿಮೀಟರಿನವರೆಗೆ ಹಳದಿ, ನೂರು ದಾಟಿದರೆ ಕೆಂಪು. ಕೆಂಪಾದರೆ ಸೈರನ್ ಕೂಗುತ್ತದೆ, ಕಾರ್ಖಾನೆ ಕೆಳಕೇರಿಯವರನ್ನು ಮನೆಗೆ ಬಿಡುತ್ತದೆ, ಮಕ್ಕಳನ್ನು ಎತ್ತಿಕೊಂಡು ನಾವೆಲ್ಲ ದಿಬ್ಬ ಹತ್ತುತ್ತೇವೆ. ಮೇಲಿನ ನೀರು ನಮ್ಮ ಬಾಗಿಲಿಗೆ ಬರಲು ಮೂರು ಗಂಟೆ ಬೇಕು. ಅಷ್ಟು ಹೊತ್ತು ಸಾಕು. ಏರ್ಪಾಡು ಚೆನ್ನಾಗಿದೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದದ್ದನ್ನು ನಾನು ಕಂಡಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗಾಗುವವರೆಗೂ ಹುಯ್ದಿತ್ತು. ನಕ್ಷೆ ಮಾತ್ರ ಹಳದಿ. ತಂಗಿ ಫೋನ್ ಹಿಡಿದು ಮಹಡಿಗೆ ಬಂದು, "ನೂರೇ ನೂರು ಅಣ್ಣ. ಇನ್ನೇನು, ಬಾಗಿಲು ತೆಗೀತೀನಿ" ಎಂದಳು. ಹನ್ನೊಂದೂವರೆಗೆ ಹಿತ್ತಲ ಚರಂಡಿಯಿಂದ ನೀರು ನುಗ್ಗಿತು. ಮಕ್ಕಳನ್ನು ಎರಡೆರಡಾಗಿ ಕಂಕುಳಲ್ಲಿ ಎತ್ತಿಕೊಂಡು ಬಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿದೆವು. ತಂಗಿ ಎಣಿಸಿದಳು. ಹದಿನೇಳು. ಮತ್ತೆ ಎಣಿಸಿದಳು. ಹದಿನೇಳು. ಮೂರನೆಯ ಸಲ ಎಣಿಸಲಿಲ್ಲ, ಕೆಳಗೆ ಓಡಿದಳು. ಅಷ್ಟರಲ್ಲಿ ನೀರು ಅವಳ ಸೊಂಟದವರೆಗೆ ಬಂದಿತ್ತು. ಹಿಂದಿನ ಕೋಣೆಯಲ್ಲಿ ಮಲಗಿಸಿದ್ದ ಎರಡೂವರೆ ವರ್ಷದ ಹುಡುಗಿ ಸ್ಪಂಜಿನ ಹಾಸಿಗೆಯ ಮೇಲೆ ತೇಲುತ್ತಿದ್ದಳು. ಅಳುತ್ತಿರಲಿಲ್ಲ, ಆಟವೆಂದುಕೊಂಡಿದ್ದಳು. ತಂಗಿ ಅವಳನ್ನು ಹೆಗಲ ಮೇಲೆ ಹೊತ್ತು ತಂದಳು. ಮಹಡಿಗೆ ಹನ್ನೊಂದು ಮೆಟ್ಟಿಲುಗಳಿವೆ. ಅಂದು ನೀರು ಎಂಟನೆಯದರವರೆಗೆ ಬಂತು.

ಆಮೇಲೆ ನಾನು ನಿಮ್ಮ ಜಾಲತಾಣದಲ್ಲಿ ಹಳೆಯ ಅಳತೆಗಳನ್ನು ಹುಡುಕಲು ಕುಳಿತೆ. ಪ್ರಕಟಣೆಗಳಿವೆ, ಟೆಂಡರ್‌ಗಳಿವೆ, ಸಾಹೇಬರು ಸಸಿ ನೆಡುತ್ತಿರುವ ಹದಿನಾಲ್ಕು ಚಿತ್ರಗಳಿವೆ. ಎಲ್ಲಕ್ಕೂ ಕೆಳಗೆ 'ಇತರೆ' ಎಂದಿದೆ. ಮಳೆ ಅದರೊಳಗಿದೆ. ಮಳೆ ಮಾಪನ ಕಚೇರಿಯಲ್ಲಿ ಮಳೆಯೇ ಇತರೆಯಾದರೆ ಮುಖ್ಯವಾದದ್ದು ಯಾವುದು, ಸ್ವಾಮಿ? ಇರಲಿ, ಪಟ್ಟಿ ಸಿಕ್ಕಿತು. ಐದಾರು ವರ್ಷಗಳ ಹಿಂದೆ ಜೋರು ಮಳೆಯ ದಿನಗಳಲ್ಲಿ 117 ಇದೆ, 146 ಇದೆ, 132 ಇದೆ. ಆಗೆಲ್ಲ ಸೈರನ್ ಕೂಗಿದ್ದು ನನಗೆ ನೆನಪಿದೆ. ಈಚಿನ ನಾಲ್ಕು ವರ್ಷಗಳಲ್ಲಿ ಅಂಥ ದಿನಗಳು ಮೂರು: 100, 100, 100. ಮಳೆಗೆ ಇದ್ದಕ್ಕಿದ್ದಂತೆ ಶಿಸ್ತು ಬಂದುಬಿಟ್ಟಿದೆ, ನೂರಕ್ಕೆ ಬಂದು ಕೈಕಟ್ಟಿ ನಿಲ್ಲುತ್ತದೆ. ಸಣಕಲ, ದಡಿಯ, ನಡುವಿನವ, ಮೂವರ ಎದೆಯಳತೆಯೂ ಒಂದೇ ಬಂದರೆ ದರ್ಜಿಯಾದವನು ಮೊದಲು ತನ್ನ ಟೇಪನ್ನು ನೋಡಿಕೊಳ್ಳುತ್ತಾನೆ. ನಿಮ್ಮಲ್ಲಿ ಒಬ್ಬರಿಗೂ ಹಾಗೆ ಅನ್ನಿಸಲಿಲ್ಲವೇ?

ಪಂಪ್‌ಹೌಸಿಗೆ ಹೋದೆ. ಅಳತೆ ಬರೆಯುವ ಹಿರಿಯರನ್ನು ಕೇರಿಯ ಮಕ್ಕಳೆಲ್ಲ ಮಳೆಮಾಮ ಎನ್ನುತ್ತಾರೆ. ಅವರು ಮಾಪಕದ ಬೀಗ ತೆಗೆದು ತೋರಿಸಿದರು.

"ಒಳಗಿನ ಬಾಟ್ಲಿ ಹಿಡಿಯೋದು ನೂರೇ ಕಣಪ್ಪ. ತುಂಬಿ ಚೆಲ್ಲಿದ್ದು ಹೊರಗಿನ ಡಬ್ಬಿಗೆ ಬೀಳ್ಬೇಕು, ಅದನ್ನೂ ಅಳೆದು ಕೂಡಿಸ್ಬೇಕು. ಡಬ್ಬಿ ತಳಾನೇ ಇಲ್ಲ ನೋಡು," ಎನ್ನುತ್ತ ತುಕ್ಕು ತಿಂದ ತೂತಿನಲ್ಲಿ ಹೆಬ್ಬೆರಳು ತೂರಿಸಿದರು. "ಹೊಸದು ಕಳ್ಸಿ ಅಂತ ನಾಲ್ಕು ವರ್ಷದಿಂದ ಬರೀತಾನೇ ಇದೀನಿ."

"ನೂರಕ್ಕಿಂತ ಜಾಸ್ತಿ ಬಂತು ಅಂತಾದ್ರೂ ಬರೀಬಾರ್ದಾ ಮಾಮ?"

"ಅಂದಾಜು ಬರೆಯೋ ಹಾಗಿಲ್ಲ, ಇದ್ದಷ್ಟೇ ಬರೀಬೇಕು. ಒಂದ್ಸಲ ಮೇಣ ಹಾಕಿ ತೂತು ಮುಚ್ಚಿದ್ದೆ. ತಪಾಸಣೆಗೆ ಬಂದೋರು ಸರ್ಕಾರಿ ಸಾಮಾನು ಕೆಡಿಸ್ದೆ ಅಂತ ಮೆಮೊ ಕೊಟ್ರು. ಮೇಣಾನೂ ಕೆರೆದು ಹಾಕಿ ಹೋದ್ರು."

ತಪಾಸಣೆಗೆ ಬಂದವರ ಕಣ್ಣಿಗೆ ಮೇಣ ಕಂಡಿತು, ತೂತು ಕಾಣಲಿಲ್ಲ! ಇದನ್ನೆಲ್ಲ ನಿಮಗೆ ಬರೆದಾಗ ಬಂದ ಉತ್ತರ ನನ್ನ ಬಳಿ ಇದೆ: "ಸದರಿ ಪ್ರದೇಶದಲ್ಲಿ ನಾಲ್ಕು ವರ್ಷಗಳಿಂದ ಕೆಂಪು ಮಟ್ಟದ ಮಳೆ ದಾಖಲಾಗಿರುವುದಿಲ್ಲವಾದ ಕಾರಣ ಕ್ರಮದ ಅಗತ್ಯ ಕಂಡುಬಂದಿರುವುದಿಲ್ಲ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕೇಳಿದ್ದೆ, ಕೊಟ್ಟಿಗೆ ಕಟ್ಟಿಸಿ ಮೊಹರು ಒತ್ತುವವರನ್ನು ಈಗ ಕಂಡೆ. ಮಾನ್ಯರೇ, ತೂತು ಡಬ್ಬಿಯಲ್ಲಿ ಕೆಂಪು ಮಟ್ಟದ ಮಳೆ ದಾಖಲಾಗುವುದಾದರೂ ಹೇಗೆ? ಇನ್ನೂ ಭಯದ ಮಾತೆಂದರೆ, ಕೇರಿಯವರು ನಿಮ್ಮನ್ನು ನಂಬಿದ್ದಾರೆ. ನಾಲ್ಕು ವರ್ಷದಿಂದ ಸೈರನ್ ಕೂಗಿಲ್ಲವಾದ್ದರಿಂದ ನಾಲ್ಕು ವರ್ಷದಿಂದ ಅಪಾಯವೂ ಇಲ್ಲ ಎಂದುಕೊಂಡಿದ್ದಾರೆ. ಕಳೆದ ವರ್ಷ ನುಗ್ಗಿದ್ದು ಚರಂಡಿ ಕಟ್ಟಿಕೊಂಡ ನೀರು ಎನ್ನುತ್ತಾರೆ. ನಕ್ಷೆಯೇ ಇಲ್ಲದಿದ್ದರೆ ಜನ ಕಿಟಕಿ ತೆರೆದು ಆಕಾಶವನ್ನಾದರೂ ನೋಡುತ್ತಿದ್ದರು.

ಒಂಬತ್ತು ದಿನಗಳಿಂದ ಬಿಟ್ಟೂಬಿಡದೆ ಸುರಿಯುತ್ತಿದೆ. ಮೊನ್ನೆ 58, ನಿನ್ನೆ 71, ಇಂದು ಬೆಳಿಗ್ಗೆ 89. ನೆಲ ಇನ್ನು ಒಂದು ಲೋಟ ನೀರನ್ನೂ ಕುಡಿಯುವಂತಿಲ್ಲ. ಹಿತ್ತಲಲ್ಲಿ ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತದೆ. ನಾಳೆಯೋ ನಾಡಿದ್ದೋ ಅಳತೆ ನೂರಕ್ಕೆ ಬರುತ್ತದೆ. ಅದರಾಚೆ ನೀವೂ ಕುರುಡರು, ನಾವೂ ಕುರುಡರು. "ಸ್ವಲ್ಪ ದಿನ ಮುಚ್ಚಿಬಿಡು" ಎಂದು ತಂಗಿಗೆ ಹೇಳಿದೆ.

"ನಾನು ಮುಚ್ಚಿದ್ರೆ ಇವನ್ನ ಮನೆಯೊಳಗೆ ಬಿಟ್ಟು ಬೀಗ ಹಾಕ್ಕೊಂಡು ಕೆಲ್ಸಕ್ಕೆ ಹೋಗ್ತಾರೆ ಅಣ್ಣ. ಸೈರನ್ ಕೂಗ್ದೇ ಇದ್ರೆ ಕಾರ್ಖಾನೆಯೋರು ರಜೆ ಕೊಡಲ್ಲ. ಇಲ್ಲಿದ್ರೆ ಎತ್ಕೊಳ್ಳೋಕೆ ನಾವಿಬ್ಬರಾದ್ರೂ ಇರ್ತೀವಿ" ಎಂದಳು.

ಇದಕ್ಕೆ ಉತ್ತರ ನಿಮ್ಮಲ್ಲಿದೆ. ಒಂದು ಡಬ್ಬಿ ಕಳುಹಿಸಿ. ತಳವಿರುವ ಡಬ್ಬಿ. ಅದು ಬರುವವರೆಗೆ ಅಳತೆ ನೂರೆಂದು ಬಂದ ದಿನ ಅದನ್ನು ಕೆಂಪೆಂದೇ ತಿಳಿದು ಸೈರನ್ ಕೂಗಿಸಿ. ಅದೂ ಆಗದಿದ್ದರೆ ನಿಮ್ಮ ನಕ್ಷೆಯಲ್ಲಿ ನಮ್ಮ ಕೇರಿಗೆ ಬಣ್ಣವನ್ನೇ ಹಚ್ಚಬೇಡಿ, ಖಾಲಿ ಬಿಟ್ಟು 'ನಮಗೆ ಗೊತ್ತಿಲ್ಲ' ಎಂದು ಬರೆಯಿರಿ. ಗೊತ್ತಿಲ್ಲ ಎನ್ನಲು ಟೆಂಡರ್ ಕರೆಯಬೇಕಿಲ್ಲ.

ಮಂಗಳವಾರ ತಂಗಿ ಮಕ್ಕಳ ಅಂಗಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬಂದಳು. ಕಾಲರಿನ ಒಳಗೆ ಮಗುವಿನ ಹೆಸರು, ಅಪ್ಪ ಅಮ್ಮನ ಫೋನ್ ನಂಬರು ಬರಬೇಕಂತೆ. ಶಾಯಿಯಲ್ಲಿ ಬರೆದರಾಗದೇ ಎಂದು ಕೇಳಿದೆ. "ಬೇಡ ಅಣ್ಣ, ನೀರಲ್ಲಿ ಅಳಿಸಿ ಹೋಗುತ್ತೆ. ದಾರದಲ್ಲೇ ಹಾಕು" ಎಂದಳು. ಸೂಜಿಗೆ ದಾರ ಪೋಣಿಸಿದೆ. ಹನ್ನೊಂದು ಅಂಗಿ ಮುಗಿದಿವೆ, ಇನ್ನೂ ಏಳು ಇವೆ.

ಇಂತಿ,
ನಿಮ್ಮ ಹಳದಿ ಬಣ್ಣದೊಳಗೆ ವಾಸವಾಗಿರುವ
ಒಬ್ಬ ದರ್ಜಿ